ಚಳಿಗಾಲದ ಗಾಳ, ಭೀಮೆಯ ನೀರು

ಬಿಬವೇವಾಡಿಯಲ್ಲಿ ಕುಳಿತು ಫ್ಲೈ ಫಿಶಿಂಗ್ ಹವ್ಯಾಸ ಇಟ್ಟುಕೊಂಡವನಿಗೆ ಮೊದಲು ಬೇಕಾದದ್ದು ಮನೆಯವರ ತಾಳ್ಮೆ. ನಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಂಬತ್ತು ಅಡಿಯ ರಾಡ್ ಜೋಡಿಸಿದರೆ ತುದಿ ಪಕ್ಕದವರ ಬಟ್ಟೆ ತಂತಿಗೆ ತಾಗುತ್ತದೆ. ಅಡುಗೆಮನೆ ಮೇಜಿನ ಮೇಲೆ ಕೋಳಿಪುಕ್ಕ, ಹಸಿರು ಉಣ್ಣೆದಾರ, ಸಣ್ಣ ಗಾಳಗಳು. 'ಇದೇನು ಮಾಟದ ಸಾಮಾನೇ?' ಎಂದು ಕೆಲಸಕ್ಕೆ ಬರುವ ಮಾವಶಿ ಒಮ್ಮೆ ಮರಾಠಿಯಲ್ಲಿ ಕೇಳಿದ್ದರು.

ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಮಾಮೂಲಿ ಗಾಳದಲ್ಲಿ ಎರೆಹುಳವೋ ಹಿಟ್ಟಿನ ಉಂಡೆಯೋ ಇರುತ್ತದೆ. ಇಲ್ಲಿ ಪುಕ್ಕ ದಾರ ಸುತ್ತಿ ಮಾಡಿದ ಹುಸಿಹುಳ. ಅದಕ್ಕೆ ತೂಕವೇ ಇಲ್ಲದ್ದರಿಂದ ದೂರ ಎಸೆಯಲಾಗದು. ತೂಕವೆಲ್ಲ ದಪ್ಪ ದಾರದಲ್ಲಿರುತ್ತದೆ. ದಾರವನ್ನು ಹಿಂದಕ್ಕೆ ಬೀಸಿ, ಅದು ನೆಟ್ಟಗಾಗುವ ತನಕ ತಾಳಿ, ಆಮೇಲೆ ಮುಂದಕ್ಕೆ ಬೀಸಬೇಕು. ದೊರೆಗಳ ಆಟ ಎನ್ನುತ್ತೀರಾ? ನಿಜವೇ. ಆದರೆ ಭಾರತದ ಗಾಳಗಾರಿಕೆಯ ಹೆಸರಾಂತ ಪುಸ್ತಕ, ಹೆನ್ರಿ ಸಲಿವನ್ ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿಯ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಹಾಗಾಗಿ ನಮಗೂ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ನಾನು ಹೋಗುವುದು ಭಿಗವಣಕ್ಕೆ. ಸೋಲಾಪುರ ರಸ್ತೆಯಲ್ಲಿ ನೂರು ಕಿಲೋಮೀಟರಿನಷ್ಟು ಹೋದರೆ ಉಜನಿ ಅಣೆಕಟ್ಟಿನ ಹಿನ್ನೀರು ಸಿಗುತ್ತದೆ. ಚಳಿಗಾಲದಲ್ಲಿ ಅಲ್ಲಿಗೆ ರಾಜಹಂಸಗಳು ಬರುತ್ತವೆ, ಅವುಗಳ ಹಿಂದೆ ಕ್ಯಾಮೆರಾದವರು ಬರುತ್ತಾರೆ. ದಂಡೆಯ ಮೀನುಗಾರರನ್ನು ಕೇಳಿ, ಅವರು ತೋರಿಸಿದ ಕಡೆ ನಿಲ್ಲುವುದು ನನ್ನ ರೂಢಿ.

ಹೆಚ್ಚಾಗಿ ಸಿಗುವುದು ಟಿಲಾಪಿಯಾ. ಅಲ್ಲಿಯವರ ಬಾಯಲ್ಲಿ ಚಿಲಾಪಿ. ಆಫ್ರಿಕಾದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ತಾಯಿ ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುತ್ತದೆ, ಕೊಳಕು ನೀರಲ್ಲೂ ಬದುಕುತ್ತದೆ; ಹಬ್ಬದೆ ಏನು ಮಾಡೀತು? ಬೆಚ್ಚಗಿನ ನೀರಿನ ಜೀವವಾದ್ದರಿಂದ ಚಳಿ ಮಾತ್ರ ಅದಕ್ಕೆ ಆಗದು. ಮೀನಿನ ಮೈಗೆ ತನ್ನದೇ ಕಾವಿಲ್ಲ. ನೀರು ತಣ್ಣಗಾದರೆ ಹಸಿವೆಯೂ ತಗ್ಗುತ್ತದೆ. ಡಿಸೆಂಬರಿನಲ್ಲಿ ನಸುಕಿಗೇ ಎದ್ದು ಹೋಗುವುದು ದಂಡ. ಹನ್ನೊಂದರ ಹೊತ್ತಿಗೆ ಬಿಸಿಲು ಬಿದ್ದು ಮೊಣಕಾಲುದ್ದದ ನೀರು ಕಾದಾಗ ಅವು ಅಂಚಿಗೆ ಬರುತ್ತವೆ. ಪಾಚಿಬಣ್ಣದ ಚಿಕ್ಕ ಹುಳ ಕಟ್ಟಿ, ದಾರವನ್ನು ಬೆರಳಿನಿಂದ ಇಂಚಿಂಚಾಗಿ ಎಳೆಯಬೇಕು. ಸೋಮಾರಿ ಮೀನಿಗೆ ಸೋಮಾರಿ ಹುಳ.

ಹೋದ ಚಳಿಗಾಲದಲ್ಲಿ ಅಪ್ಪನನ್ನು ಕರೆದುಕೊಂಡು ಹೋದೆ. ಅವ್ವ ತೀರಿಕೊಂಡ ಮೇಲೆ ಅಪ್ಪ ಊರಲ್ಲಿ ಒಬ್ಬನೇ. ಅಫಜಲಪುರ ತಾಲೂಕಿನಲ್ಲಿ ಭೀಮೆಯ ದಂಡೆಗೆ ನಮ್ಮ ನಾಲ್ಕೆಕರೆ ಹೊಲ. ಅದನ್ನು ಲಾವಣಿಗೆ ಹಾಕಿ ಪುಣೆಯಲ್ಲೇ ಇದ್ದುಬಿಡು ಎಂದು ನಾನು, ಆಗಲಿ ಆಗಲಿ ಎನ್ನುತ್ತಾ ಏನೂ ಹೇಳದೆ ಅಪ್ಪ. ಮೂರು ವಾರ ಬಾಲ್ಕನಿಯಲ್ಲಿ ಕೂತು ಮಾರ್ಕೆಟ್ ಯಾರ್ಡಿಗೆ ಹೋಗುವ ಟೆಂಪೋಗಳನ್ನು ಎಣಿಸಿದ.

ಹಿನ್ನೀರನ್ನು ಕಂಡು ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಕಡೆಯವರಿಗೆ ಉಜನಿ ಎಂದರೆ ಬೈಗುಳದ ಜತೆ ಬರುವ ಹೆಸರು. ಬೇಸಿಗೆಯಲ್ಲಿ ಹೊಳೆ ಒಣಗಿದಾಗ 'ಉಜನಿಯಿಂದ ನೀರು ಬಿಡಿ' ಎಂಬ ಬೇಡಿಕೆ ಏಳುತ್ತದೆ. 2020ರ ಅಕ್ಟೋಬರಿನಲ್ಲಿ ಬೇಡದಿದ್ದಾಗ ಬಿಟ್ಟ ನೀರು ಊರೂರಿಗೇ ನುಗ್ಗಿತ್ತು.

"ಇಷ್ಟು ನೀರ ಹಿಡಿದಿಟ್ಟಾರಲ್ಲೋ ತಮ್ಮಾ" ಎಂದ ಕೊನೆಗೆ.

ಬಿಬವೇವಾಡಿಯ ನಲ್ಲಿಗೆ ಖಡಕವಾಸಲಾದ ನೀರು ಬರುತ್ತದೆ, ನಾವು ಬಳಸಿ ಚೆಲ್ಲಿದ್ದು ಮುಠಾ ಹೊಳೆ ಸೇರಿ, ಭೀಮೆ ಸೇರಿ, ಇಲ್ಲಿಗೆ ಬಂದು ನಿಲ್ಲುತ್ತದೆ. ಅದನ್ನೂ ಅಪ್ಪನಿಗೆ ಹೇಳಿದೆ. "ಅಂದ್ರ ನಿಮ್ಮ ಮೋರಿ ನೀರ ನಮಗ" ಎಂದು ನಕ್ಕ. ಮೂರು ವಾರದಲ್ಲಿ ಮೊದಲ ನಗೆ.

ರಾಡ್ ಕೈಗೆ ಕೊಟ್ಟೆ. ನಾನು ಹಿಂದಿನ ಬೀಸಿನಲ್ಲಿ ತಾಳುವುದನ್ನು ಕಲಿಯಲು ಒಂದು ವರ್ಷ ತೆಗೆದುಕೊಂಡಿದ್ದೆ. ಅಪ್ಪನಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಹಾಲುಗಾಳಿನ ಜೋಳಕ್ಕೆ ಎರಗುವ ಗುಬ್ಬಿಗಳನ್ನು ಮಂಚಿಗೆಯ ಮೇಲೆ ನಿಂತು ಕವಣೆ ಬೀಸಿ ಓಡಿಸಿದ ಕೈ ಅದು. ಯಾವ ಗಳಿಗೆಗೆ ಬಿಡಬೇಕೆಂಬುದು ತೋಳಿಗೇ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅಂಗೈಯಗಲದ ಚಿಲಾಪಿ ಬಂತು. ನಾನು ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಡಹೋದೆ.

"ಬಿಡೂದಿದ್ರ ಹಿಡಿಯೂದ್ಯಾಕೋ? ಅದಕ್ಕ ನೋವು, ನಮಗ ಸಾರಿಲ್ಲ."

ಈ ಪ್ರಶ್ನೆಗೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ ಅಳಿವಿನಂಚಿನಲ್ಲಿರುವ ಮೀನು, ಅದು ಕೈಗೆ ಬಂದರೆ ಬಿಡಲೇಬೇಕು. ಊರ ಮೀನುಗಳ ಜಾಗ ಕಿತ್ತುಕೊಳ್ಳುವ ಚಿಲಾಪಿಯನ್ನು ಮೈಸವರಿ ಬೀಳ್ಕೊಡುವುದು ಎಂಥ ಧರ್ಮ? ಅಪ್ಪ ಅದನ್ನು ಬಲೆ ಬಿಡಿಸುತ್ತಿದ್ದ ಮೀನುಗಾರರ ಬುಟ್ಟಿಗೆ ಹಾಕಿದ.

ಅವರಿಗೆ ಸುಮಾರು ಐವತ್ತೈದು. ಸೋದರತ್ತೆಯನ್ನು ಅಕ್ಕಲಕೋಟೆಗೆ ಕೊಟ್ಟಿದ್ದರಿಂದ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಅಪ್ಪ ನೇರವಾಗಿಯೇ ಕೇಳಿದ, ನಮ್ಮ ನೀರು ಇಲ್ಲಿಟ್ಟುಕೊಂಡು ಏನು ಮಾಡುತ್ತೀರಿ ಎಂದು. ಅವರು ಹುಟ್ಟು ಎತ್ತಿ ನೀರಿನ ನಡುವೆ ತೋರಿಸಿದರು. ಅಲ್ಲಿ ಅವರ ಹೊಲವಿತ್ತಂತೆ. 1980ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅವರಿನ್ನೂ ಹುಡುಗ. ಪಳಸದೇವದ ಹಳೆಯ ಗುಡಿಯಂತೂ ಬೇಸಿಗೆಯಲ್ಲಿ ನೀರು ಇಳಿದರೆ ಈಗಲೂ ಮೇಲೆ ಕಾಣುತ್ತದೆ.

"ಹೊಲ ಹ್ವಾದಮ್ಯಾಲ ನಿಮ್ಮಪ್ಪ ಏನ್ ಮಾಡಿದ್ರು?"

"ಏನಿಲ್ಲ. ಬೇರೆ ಕಡೆ ಜಮೀನು ಸಿಕ್ಕಿತ್ತು, ಅಣ್ಣ ಮಾಡತಿದ್ದ. ಅಪ್ಪ ಬ್ಯಾಸಿಗಿ ಬಂತಂದ್ರ ಇಲ್ಲಿ ಬಂದು ಕೂತಿರತಿದ್ದ, ನಮ್ಮ ಬಾವಿ ಕಾಣತದೇನು ಅಂತ."

ಅಪ್ಪ ಅವರಿಗೊಂದು ಬೀಡಿ ಕೊಟ್ಟು, ತಾನೂ ಒಂದು ಹಚ್ಚಿಕೊಂಡ. ಡಾಕ್ಟರು ಬೇಡವೆಂದಿದ್ದರು, ನಾನು ಸುಮ್ಮನಿದ್ದೆ. ಇಬ್ಬರೂ ನೀರು ನೋಡುತ್ತ ಮುಗಿಯುವ ತನಕ ಸೇದಿದರು.

ವಾಪಸು ಬರುವಾಗ ರಸ್ತೆಬದಿಯಲ್ಲಿ ಹಸಿ ಜೋಳದ ತೆನೆ ಸುಡುತ್ತಿದ್ದರು. ಕಾರು ನಿಲ್ಲಿಸಿ ಕೊಂಡೆವು. ಅಪ್ಪ ಬಿಸಿ ಸೀತನಿ ಉಜ್ಜಿ ಬಾಯಿಗೆ ಹಾಕಿಕೊಂಡು, ಇದು ನಮ್ಮ ಹೊಲದ್ದರಷ್ಟು ಸಿಹಿ ಇಲ್ಲ ಎಂದ. ಆಮೇಲೆ ಹಡಪಸರದ ಟ್ರಾಫಿಕ್ಕಿನಲ್ಲಿ, "ಎಳ್ಳಮಾಸಿಗಿ ಚರಗ ಚೆಲ್ಲಾಕ ಯಾರರ ಬೇಕಲ್ಲೋ" ಎಂದ.

ಅಂದು ರಾತ್ರಿ ಕಲಬುರಗಿಗೆ ಒಂದು ಟಿಕೆಟ್ ತೆಗೆದೆ. ಲಾವಣಿಯ ಮಾತನ್ನು ಆಮೇಲೆ ನಾನು ಎತ್ತಿಲ್ಲ.