ಉಂಗುರ ಕೊಡುವ ಹನುಮ

ವಿಲೆ ಪಾರ್ಲೆ ಪೂರ್ವದಲ್ಲಿ, ಹನುಮಾನ್ ರೋಡಿಗೆ ಹತ್ತಿರದ ಒಂದು ಮಹಡಿ ಮೇಲೆ, ವಾರಕ್ಕೆ ಮೂರು ಸಂಜೆ ನಾನು ಒದೆಯಲು ಹೋಗುತ್ತೇನೆ. ಒದೆಸಿಕೊಳ್ಳಲು ಎಂದರೂ ಸುಳ್ಳಲ್ಲ. "ಈ ವಯಸ್ಸಿಗೆ ಬೇಕಿತ್ತಾ ರೀ?" ಎಂದು ಮನೆಯಾಕೆ ಕೇಳುವುದನ್ನೂ ಬಿಟ್ಟಿದ್ದಾಳೆ.

ಕಲಿಯುತ್ತಿರುವುದು ಥಾಯ್ಲೆಂಡಿನ ಕಾಳಗ ಕಲೆ ಮುಯ್ ಥಾಯ್. ಮುಷ್ಟಿ, ಮೊಣಕೈ, ಮೊಣಕಾಲು, ಕಾಲು, ಎಲ್ಲ ಎರಡೆರಡು. ಅದಕ್ಕೇ ಅಷ್ಟಾಂಗಗಳ ಕಾಳಗ. ಒದೆ ಬೀಳಬೇಕಾದ್ದು ಪಾದದಿಂದಲ್ಲ, ಕಣಕಾಲಿನ ಎಲುಬಿನಿಂದ. ಮೊದಲ ತಿಂಗಳು ನಾನು ಮೆಟ್ಟಿಲಿಳಿಯುತ್ತಿದ್ದ ಚಂದ ಹೇಳಬಾರದು.

ನನಗೆ ಒದೆಯುವುದಕ್ಕಿಂತ ರುಚಿ, ಅದಕ್ಕೆ ಮುಂಚೆ ಕೈಗೆ ಪಟ್ಟಿ ಸುತ್ತಿಕೊಳ್ಳುವುದು. ನಾಲ್ಕೂವರೆ ಮೀಟರು ಬಟ್ಟೆ. ಕುಣಿಕೆಗೆ ಹೆಬ್ಬೆರಳು ತೂರಿಸಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು, ಆಮೇಲೆ ಬೆರಳ ಸಂದಿಗಳಲ್ಲಿ ಒಂದೊಂದು. ಬಿಗಿಯಾದರೆ ಬೆರಳು ಜೋಮು ಹಿಡಿಯುತ್ತದೆ. ಸಡಿಲವಾದರೆ ಎರಡನೇ ಗುದ್ದಿಗೇ ಬಿಚ್ಚಿಕೊಂಡು ಮಾನ ಕಳೆಯುತ್ತದೆ. 1920ರ ದಶಕದಲ್ಲಿ ಗ್ಲೌಸ್ ಬರುವ ತನಕ ಥಾಯ್ ಮಲ್ಲರು ಕೈಗೆ ಹಗ್ಗ ಸುತ್ತಿಕೊಂಡೇ ಸೆಣಸುತ್ತಿದ್ದರು.

ಪಂದ್ಯಕ್ಕೆ ಮುಂಚೆ ಅಲ್ಲಿ 'ವಾಯ್ ಖ್ರೂ' ಆಗಬೇಕು. ಖ್ರೂ ಎಂದರೆ ನಮ್ಮ ಗುರುವೇ. ತಲೆಗೆ ಮೊಂಗ್‌ಖೋನ್ ಎಂಬ ಪಟ್ಟಿ ಧರಿಸಿ, ಓಲಗದಂಥ ವಾದ್ಯದ ಲಯಕ್ಕೆ ಕಣ ಸುತ್ತಿ, ಮಂಡಿಯೂರಿ ಮೂರು ಸಲ ನಮಸ್ಕಾರ. 1767ರಲ್ಲಿ ಬರ್ಮೀಯರು ಥಾಯ್ ರಾಜಧಾನಿ ಅಯುತ್ಥಯವನ್ನು ಕೆಡವಿ (ಅದು ಅಯೋಧ್ಯೆಯಿಂದ ಬಂದ ಹೆಸರು) ಸೆರೆಯೊಯ್ದವರಲ್ಲಿ ನಾಯ್ ಖನೋಮ್ ತೋಮ್ ಎಂಬವನೊಬ್ಬ. ಬರ್ಮಾ ದೊರೆಯೆದುರು ಅವನು ಹೀಗೆ ಕುಣಿದಾಗ ಎದುರಾಳಿಗಳು ಮಾಟವೆಂದು ಬೆದರಿದರಂತೆ. ಆಮೇಲೆ ಒಬ್ಬರಾದ ಮೇಲೊಬ್ಬರನ್ನು ಮಲಗಿಸಿ ಬಿಡುಗಡೆ ಪಡೆದನಂತೆ. ಐತಿಹ್ಯವೇ ಇರಲಿ, ಮಾರ್ಚ್ 17 ಇಂದಿಗೂ ಅವನ ದಿನ.

ಪಂದ್ಯಕ್ಕೆ ಮುಂಚಿನ ಈ ನಮಸ್ಕಾರ ನನಗೆ ಹೊಸತೆನಿಸಲಿಲ್ಲ. ಮೈಸೂರಿನ ಗರಡಿಯಲ್ಲಿ ನಮ್ಮ ತಾತ ಮೊದಲು ಮೂಲೆಯ ಆಂಜನೇಯನಿಗೆ ಕೈಮುಗಿದು, ಕೆಮ್ಮಣ್ಣನ್ನು ಹಣೆಗೊತ್ತಿಕೊಂಡೇ ಮಟ್ಟಿಗೆ ಇಳಿಯುತ್ತಿದ್ದರು.

ಆ ಆಂಜನೇಯ ಇಲ್ಲೂ ಸಿಕ್ಕ. ಹಳೆಯ ಪಟ್ಟುಗಳಲ್ಲೊಂದರ ಹೆಸರು 'ಹನುಮಾನ್ ಥವಾಯ್ ವೆನ್', ಹನುಮ ಉಂಗುರ ಒಪ್ಪಿಸುವುದು. ಒಂದು ಹೆಜ್ಜೆ ಒಳನುಗ್ಗಿ, ಎರಡೂ ಮುಷ್ಟಿ ಜೋಡಿಸಿ ಕೆಳಗಿನಿಂದ ಗಲ್ಲಕ್ಕೆ! ಅಶೋಕವನದ ಅಷ್ಟು ನಯವಾದ ಗಳಿಗೆಯಿಂದ ಈ ಏಟು ಹುಟ್ಟಿಸಿದವನ ರಸಿಕತೆಗೆ ಏನೆನ್ನಲಿ?

ಮೊನ್ನೆ ನಮಗೆ ಕಲಿಸುವ ಮರಾಠಿ ಹುಡುಗ ಅದನ್ನು ತೋರಿಸುತ್ತ, "ಅಂಕಲ್, ಹಾತ್ ವರ್!" ಎಂದ. ಕೈ ಮೇಲೆತ್ತಬೇಕಿತ್ತು. ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಗುಡುಗಿತು, ಕೇಳಿಸಲಿಲ್ಲ. ಉಂಗುರ ಮುಟ್ಟಿತು.

ಮನೆಯಲ್ಲಿ ಟವೆಲಿಗೆ ಐಸು ಸುತ್ತಿ ಕೊಡುತ್ತ ಕೇಳಿದಳು: "ಗಲ್ಲಕ್ಕೆ ಯಾರು ರೀ ಹೊಡೆದದ್ದು?"

"ಹನುಮಂತ," ಎಂದೆ.