ಬರುವವರಿಗೆ ಬಿಟ್ಟ ಜಾಗ

ಹಕ್ಕಿ ಯಾವ ಕಡೆ ನೋಡುತ್ತದೋ ಆ ಕಡೆ ಜಾಗ ಬಿಡು. ಫೋಟೋಗ್ರಫಿ ಕಲಿಯುವವರಿಗೆ ಹೇಳಿಕೊಡುವ ಪಾಠಗಳಲ್ಲಿ ನನಗೆ ಬಲು ಇಷ್ಟವಾದದ್ದು ಇದು. ಕೊಕ್ಕಿನ ತುದಿಗೇ ಫ್ರೇಮಿನ ಅಂಚು ತಾಗಿದರೆ ಹಕ್ಕಿಗೆ ಉಸಿರು ಕಟ್ಟಿದಂತಿರುತ್ತದೆ. ಮುಂದೆ ಒಂದಿಷ್ಟು ನೀರೋ ಆಕಾಶವೋ ಉಳಿದರೆ ನಮ್ಮ ಕಣ್ಣೂ ಅದರ ನೋಟದ ಹಿಂದೆ ಹೊರಡುತ್ತದೆ.

ಚೌಕಟ್ಟನ್ನು ಮೂರು ಪಾಲು ಮಾಡುವ ‘ರೂಲ್ ಆಫ್ ಥರ್ಡ್ಸ್’ ಫೋಟೋಗ್ರಫಿಗಿಂತ ಹಳೆಯದು. 1797ರಲ್ಲೇ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಗ್ರಾಮೀಣ ದೃಶ್ಯಗಳನ್ನು ಕುರಿತ ಪುಸ್ತಕದಲ್ಲಿ ಅದನ್ನು ಹೆಸರಿಸಿದ್ದ. ನೆಲಕ್ಕೂ ಬಾನಿಗೂ ಸಮಪಾಲು ಬೇಡ ಎಂಬುದು ಅವನ ವಾದ. ಇಂಥ ನಿಯಮಗಳು ಕಲ್ಪನೆಯನ್ನು ಕಟ್ಟಿಹಾಕುತ್ತವೆ ಎನ್ನುವ ಗೆಳೆಯರಿದ್ದಾರೆ. ನನಗಂತೂ ಆ ಮೂರು ಪಾಲಿನ ಗೆರೆಗಳು ಶಟರ್ ಒತ್ತುವ ಮುನ್ನ ಒಂದು ಪ್ರಶ್ನೆ ಕೇಳುತ್ತವೆ: ಈ ಚಿತ್ರ ನೀರಿನದೋ, ಬಾನಿನದೋ?

ಗೆರೆಗಳ ಮಾತು ಬಂದಾಗ ನೆನಪಾಗುವ, ಫೋಟೋಗ್ರಾಫರ್ ಆನ್ರಿ ಕಾರ್ಟಿಯೆ-ಬ್ರೆಸೋನ್ 1932ರಲ್ಲಿ ಫ್ರಾನ್ಸಿನ ಇಯೇರ್‌ನಲ್ಲಿ ತೆಗೆದ ಚಿತ್ರವನ್ನು ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ. ಮೇಲಿನಿಂದ ಕಾಣುವ ಸುರುಳಿ ಮೆಟ್ಟಿಲು, ಅದರ ಕಂಬಿ, ಕೆಳಗೆ ಬಾಗಿದ ಬೀದಿಯ ಅಂಚು. ಎಲ್ಲ ಗೆರೆಗಳೂ ಸುತ್ತಿ ಬಂದು ಎಡಮೇಲಿನ ಒಂದು ಬಯಲಿಗೆ ಕಣ್ಣನ್ನು ತಂದು ಬಿಡುತ್ತವೆ. ಅಲ್ಲಿ, ಆ ಕ್ಷಣದಲ್ಲಿ, ಒಬ್ಬ ಸೈಕಲ್ ಸವಾರ ಹಾದುಹೋಗುತ್ತಿದ್ದಾನೆ. ವೇಗಕ್ಕೆ ಮಸುಕಾದ ಅವನ ಆಕೃತಿಗಾಗಿಯೇ ಬೀದಿ ಕಾದಿತ್ತೇನೋ ಅನ್ನಿಸುತ್ತದೆ. ಬ್ರೆಸೋನ್ ಮೊದಲು ಚಿತ್ರಕಾರ ಆಂದ್ರೆ ಲೋತ್ ಬಳಿ ಕಲಿತವರು. ರೇಖಾಗಣಿತ ಕಣ್ಣಿಗೆ ಅಷ್ಟು ಅಭ್ಯಾಸವಾಗಿದ್ದರಿಂದಲೇ ಆ ಕ್ಷಣ ಕೈಗೆ ದಕ್ಕಿತು ಎಂದು ನನ್ನ ನಂಬಿಕೆ.

ಆ ಬೀದಿಯಂತೆ ನಾನೂ ಕಾಯುವುದು ರಂಗನತಿಟ್ಟು ಪಕ್ಷಿಧಾಮದಲ್ಲಿ. ಅಲ್ಲಿ ಬೇಸಿಗೆಯ ಹೊತ್ತು ರೀವ (ರಿವರ್ ಟರ್ನ್) ಹಕ್ಕಿಗಳ ಸಂಸಾರದ ಕಾಲ. ಕರಿಟೊಪ್ಪಿ, ಹಳದಿ ಕೊಕ್ಕಿನ ಹೆಣ್ಣು ಬಂಡೆಯ ಮೇಲೆ ಕೂತಿರುತ್ತದೆ. ಗಂಡು ಹಕ್ಕಿ ಮೀನು ಕಚ್ಚಿ ತಂದು ಅದರ ಕೊಕ್ಕಿಗಿಡುತ್ತದೆ. ಹಾರಿ ಬರುವ ಗಂಡಿನ ಬೆನ್ನು ಹತ್ತಿದರೆ ಫೋಕಸ್ ಸಿಕ್ಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದ್ದರಿಂದ ನಾನು ಹೆಣ್ಣನ್ನು ಫ್ರೇಮಿನ ಒಂದು ಬದಿಗಿಟ್ಟು, ಅದು ಕತ್ತೆತ್ತಿ ನೋಡುತ್ತಿರುವ ದಿಕ್ಕನ್ನು ಖಾಲಿ ಬಿಟ್ಟು ದೋಣಿಯಲ್ಲೇ ಕಾಯುತ್ತೇನೆ. ‘ಅಣ್ಣಾ, ಹುಟ್ಟು ಹಾಕಬೇಡಿ’ ಎಂದರೆ ಸಾಕು, ದೋಣಿಯವರಿಗೆ ಅರ್ಥವಾಗುತ್ತದೆ. ಆ ಕಾಯುವಿಕೆಯ ಸುಖ ದೊಡ್ಡದು. ಖಾಲಿ ಜಾಗಕ್ಕೆ ಗಂಡು ಬಂದಿಳಿದು, ಎರಡು ಕೊಕ್ಕುಗಳ ನಡುವೆ ಮೀನು ಮಿಂಚಿದಾಗ ಮೈ ಜುಮ್ಮೆನ್ನುತ್ತದೆ.

ಗಾಳಿ ನಿಂತ ಮುಂಜಾವು ಮಾತ್ರ ಬೇರೆ. ಬಣ್ಣದ ಕೊಕ್ಕರೆಯ ಬಿಂಬ ನೀರಿನಲ್ಲಿ ಮುರಿಯದೆ ನಿಂತಿದ್ದರೆ, ನೀರಗೆರೆಯನ್ನು ನಟ್ಟನಡುವೆ ಇಟ್ಟು, ಹಕ್ಕಿಗೂ ಬಿಂಬಕ್ಕೂ ಸಮಪಾಲು ಕೊಡುತ್ತೇನೆ. ಸ್ಮಿತ್ ಬೇಡವೆಂದದ್ದು ನೆನಪಿದ್ದೇ ಕೊಡುತ್ತೇನೆ.