ಕಾಗದನಗರದ ಹೆಡ್‌ಫೋನ್ – 6: ಹಾಡೋರಿಲ್ಲದ ಹಾಡಲ್ಲಿ ನಮ್ಮ ಮಾತು

ಹೋದ ಪೋಸ್ಟ್ ನೋಡಿ ನಿಮ್ಮಲ್ಲಿ ಸುಮಾರು ಜನ ಒಂದೇ ಪ್ರಶ್ನೆ ಕಳಿಸಿದ್ರಿ. "ಹಾಡೋರಿಲ್ಲ, ಸಾಹಿತ್ಯ ಇಲ್ಲ, ಹತ್ತು ನಿಮಿಷ ಬರೀ ಗಿಟಾರು, ಡ್ರಮ್ಸು. ಇದನ್ನ ಹೇಗೆ ಕೇಳ್ತೀಯ ಮಾರಾಯ?" ನ್ಯಾಯವಾದ ಪ್ರಶ್ನೆ. ಇವತ್ತು ಅದಕ್ಕೇ ಉತ್ತರ. ಸ್ವಲ್ಪ ಉದ್ದ ಇದೆ, ಅರ್ಧಕ್ಕೆ ಸ್ಕ್ರಾಲ್ ಮಾಡ್ಬೇಡಿ.

ಮೊದಲು ಐದು ಎಣಿಸಿ. ತಕಿಟ ತಕ, ತಕಿಟ ತಕ. ಬಂತಾ? ಈಗ ಡೇವ್ ಬ್ರೂಬೆಕ್ ಅವರ 1959ರ 'ಟೈಮ್ ಔಟ್' ಆಲ್ಬಮ್ಮಿನಲ್ಲಿ 'ಟೇಕ್ ಫೈವ್' ಹಾಕಿ. ಅದೇ ಎಣಿಕೆ. ನಮ್ಮ ಖಂಡ ಚಾಪು ಎರಡು–ಮೂರು ಅಂತ ಹೋಗುತ್ತೆ, ಇದು ಮೂರು–ಎರಡು. ಒಟ್ಟು ಐದೇ. ಭಜನೆಯಲ್ಲಿ ತಾಳ ಹಾಕಿದ ಕೈಗೆ ಇದೇನು ಕಷ್ಟ ಅಲ್ಲ.

ಆಮೇಲೆ ಫ್ರಾಂಕ್ ಝಾಪ್ಪಾ ಅವರ 'ಹಾಟ್ ರ‍್ಯಾಟ್ಸ್', 1969. ಆರು ಟ್ರ್ಯಾಕು, ಒಂದರಲ್ಲಿ ಮಾತ್ರ ಹಾಡು. ಮೂರನೆಯದು ಮಹಾವಿಷ್ಣು ಆರ್ಕೆಸ್ಟ್ರಾದ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್', 1971. ಹೆಸರು ನೋಡಿ ಭಕ್ತಿಗೀತೆ ಅನ್ಕೋಬೇಡಿ, ಮನೆಯಲ್ಲಿ ಜೋರಾಗಿ ಹಾಕಿದ್ರೆ ಬೈಸ್ಕೋತೀರ! ನ್ಯೂಯಾರ್ಕಲ್ಲಿ ಹುಟ್ಟಿದ ಬ್ಯಾಂಡು. ಗಿಟಾರಿನವರು ಇಂಗ್ಲೆಂಡ್, ಡ್ರಮ್ಮರ್ ಪನಾಮಾ, ಕೀಬೋರ್ಡ್ ಪ್ರಾಗ್, ಬೇಸ್ ಐರ್ಲೆಂಡ್, ಪಿಟೀಲು ಅಮೆರಿಕ. ನಮ್ಮ ಪೇಪರ್ ಟೌನ್ ಕ್ವಾರ್ಟರ್ಸ್ ಥರ. ಒಂದೇ ಸಾಲಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು. ಒಬ್ಬೊಬ್ಬರದು ಒಂದೊಂದು ಭಾಷೆ, ನೀರು ಬರೋ ಟೈಮು ಮಾತ್ರ ಒಂದೇ.

ಇಲ್ಲಿವರೆಗೂ ಇದು ದೂರದ ಸಂಗೀತ ಅಂತಲೇ ನಾನೂ ಕೇಳ್ತಿದ್ದೆ. ಆಮೇಲೆ ಗೊತ್ತಾಯ್ತು, ದಾರಿ ನಮ್ಮ ಕಡೆಯಿಂದಲೂ ಹೋಗಿದೆ ಅಂತ. ಬೋಸ್ಟನ್ನಿನ ಚಾರ್ಲಿ ಮರಿಯಾನೋ, ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ ದೊಡ್ಡ ಸ್ಯಾಕ್ಸೋಫೋನ್ ವಾದಕ. ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ಮಾಡಿದ 'ಜ್ಯೋತಿ' ಆಲ್ಬಮ್ 1983ರಲ್ಲಿ ಬಂತು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ದನಿ. ಇನ್ನು ನಮ್ಮ ಕದ್ರಿ ಗೋಪಾಲನಾಥ್. ಬಂಟ್ವಾಳದ ಸಜಿಪದವರು, ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. ಅವರ 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್' ಸಿಡಿಯನ್ನ ಅಮೆರಿಕದಲ್ಲಿ ಒಬ್ಬ ಅಣ್ಣ ತನ್ನ ತಮ್ಮನಿಗೆ ತಮಾಷೆಗೆ ಅಂತ ಕೊಟ್ಟ. ಆ ತಮ್ಮನ ಹೆಸರು ರುದ್ರೇಶ್ ಮಹಾಂತಪ್ಪ.

ಹೆಸರು ಕೇಳಿದ್ರೆ ಪಕ್ಕದ ಬೀದಿಯವರು ಅನ್ಸುತ್ತಲ್ವಾ? ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್, ಬೆಳೆದದ್ದು ಅಮೆರಿಕದ ಕೊಲೊರಾಡೊ. ತಮಾಷೆಗೆ ಸಿಕ್ಕಿದ ಆ ಸಿಡಿಯ ವಾದಕರ ಜೊತೆಗೇ ಕೂತು 2008ರಲ್ಲಿ 'ಕಿನ್ಸ್‌ಮೆನ್' ಅಂತ ಆಲ್ಬಮ್ ತಂದ್ರು. ಆದ್ರೆ ನಾನು ಹೇಳಬೇಕಿರೋದು ಅದಕ್ಕೂ ಮೊದಲಿನ ಒಂದರ ಬಗ್ಗೆ: 2004ರ 'ಮದರ್ ಟಂಗ್'.

"ನೀವು ಇಂಡಿಯನ್ ಮಾತಾಡ್ತೀರಾ?" ಅಂತ ಅಲ್ಲಿ ಜನ ಕೇಳ್ತಾರಂತೆ, ಇಂಡಿಯನ್ ಅಂತ ಒಂದು ಭಾಷೆ ಇರೋ ಹಾಗೆ. ರುದ್ರೇಶ್ ಏನ್ ಮಾಡಿದ್ರು ಗೊತ್ತಾ? ಅಲ್ಲಿನ ಭಾರತೀಯ ಮೂಲದವರಿಗೆ ಇದೇ ಪ್ರಶ್ನೆ ಹಾಕಿ, ಅವರವರ ಮನೆಮಾತಲ್ಲಿ ಉತ್ತರ ಹೇಳಿಸಿ ರೆಕಾರ್ಡ್ ಮಾಡ್ಕೊಂಡ್ರು. ಆ ಮಾತಿನ ಏರಿಳಿತವನ್ನ ಸ್ವರವಾಗಿ ಬರೆದು, ಅದರಿಂದಲೇ ಟ್ಯೂನ್ ಕಟ್ಟಿದ್ರು. ತಮಿಳು, ತೆಲುಗು, ಗುಜರಾತಿ, ಕೊಂಕಣಿ, ಮಲಯಾಳಂ ಅಂತ ಭಾಷೆಗಳೇ ಟ್ರ್ಯಾಕುಗಳ ಹೆಸರು. ಮೂರನೇ ಟ್ರ್ಯಾಕಿನ ಹೆಸರು 'ಕನ್ನಡ'.

ಆ ಟ್ರ್ಯಾಕ್ ನನಗೆ ಸಿಕ್ಕಿದ ಹೊತ್ತು ಹೇಳ್ತೀನಿ. ಬೆಂಗಳೂರಲ್ಲಿ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ಎದುರು ಕೂತವರು ನಗ್ತಾ ಅಂದ್ರು, "ಇಂಗ್ಲಿಷ್ ಪರ್ವಾಗಿಲ್ಲ, ಆದ್ರೆ ಊರಿನ ರಾಗ ಇನ್ನೂ ಹೋಗಿಲ್ಲ." ಜೊತೆಯಲ್ಲಿದ್ದವರೂ ನಕ್ಕರು. ಆಮೇಲೆ ಎಷ್ಟೋ ದಿನ ಕ್ಲಾಸಲ್ಲಿ ಕೈ ಎತ್ತೋಕೇ ಹಿಂಜರಿಕೆ. ನಿಮ್ಮಲ್ಲೂ ಕೆಲವರಿಗೆ ಹೀಗೆ ಆಗಿದೆ, ಡಿಎಂ ಮಾಡಿದ್ದೀರಿ, ಮರೆತಿಲ್ಲ.

ಅವರು 'ಹೋಗಬೇಕು' ಅಂದ ಅದೇ ರಾಗವನ್ನ ಇನ್ನೊಬ್ಬರು ಸಂಗೀತದ ಬೀಜ ಅಂತ ಎತ್ತಿಟ್ಟುಕೊಂಡಿದ್ರು. ಆ ಟ್ರ್ಯಾಕಲ್ಲಿ ಕನ್ನಡದ ಒಂದು ಪದವೂ ಕೇಳಿಸಲ್ಲ. ಸ್ಯಾಕ್ಸೋಫೋನ್, ಪಿಯಾನೋ, ಬೇಸ್, ಡ್ರಮ್ಸ್, ಅಷ್ಟೇ. ಆದ್ರೆ ಅದನ್ನ ಕೇಳಿದ ಮೇಲೆ ನನ್ನ ಕಿವಿ ಬೇರೆ ಆಯ್ತು. ಅಮ್ಮ ಫೋನಲ್ಲಿ "ಊಟ ಆಯ್ತಾ" ಅಂದಾಗ ಕೊನೆಯ ಅಕ್ಷರ ಎಷ್ಟು ಮೇಲೆ ಹೋಗುತ್ತೆ ಅಂತ ಗಮನಿಸಿದೆ. ಪಕ್ಕದ ಮನೆ ಪಾಟಿಯ ತಮಿಳು ಬೆರೆತ ಕನ್ನಡ ಬೇರೆ ಟ್ಯೂನು. ನಮ್ಮ ಬೀದಿಯ ಕನ್ನಡದ ಏರಿಳಿತ ಶಿವಮೊಗ್ಗದ ಗೆಳೆಯರಲ್ಲೇ ಇಲ್ಲ!

ಯಾಕೆ ಈಗ ಹೇಳ್ತಿದ್ದೀನಿ ಅಂದ್ರೆ, ಆ ಟ್ಯೂನುಗಳು ಒಂದೊಂದಾಗಿ ಊರು ಬಿಡ್ತಿವೆ. 1936ರಲ್ಲಿ ಶುರುವಾದ ಕಾಗದ ಕಾರ್ಖಾನೆ ಇಷ್ಟೊಂದು ಮನೆಮಾತುಗಳನ್ನ ಒಂದು ಊರಲ್ಲಿ ಕೂರಿಸಿತ್ತು. ಯಂತ್ರ ನಿಂತು ವರ್ಷಗಳಾದವು, ಕ್ವಾರ್ಟರ್ಸ್ ಖಾಲಿಯಾದವು. ಕಟ್ಟಡಗಳ ಫೋಟೋ ಎಲ್ಲರೂ ಹಾಕ್ತೀರಿ, ನಾನೂ ಹಾಕ್ತೀನಿ. ದನಿ ಯಾರೂ ಇಟ್ಕೊಂಡಿಲ್ಲ.

ಅದಕ್ಕೆ ಈ ವಾರ ಒಂದು ಕೆಲಸ. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ರೆ, ಕೇಳಿಯೇ, ಅವರ ಒಂದು ನಿಮಿಷದ ಮಾತು ಫೋನಲ್ಲಿ ರೆಕಾರ್ಡ್ ಮಾಡಿ. ಮಿಲ್ಲಿನ ಕಥೆ ಆಗಬಹುದು, ಬೈಗುಳವೂ ಆಗಬಹುದು. ಆಮೇಲೆ ಪದ ಬಿಟ್ಟು, ಏರಿಳಿತ ಮಾತ್ರ ಬಾಯಿ ಮುಚ್ಚಿಕೊಂಡು ಗುನುಗಿ. ನಮ್ಮ ಬ್ಯಾಚಲ್ಲಿ ಗಿಟಾರ್, ಕೀಬೋರ್ಡ್ ಇರೋರು ಅದನ್ನ ನುಡಿಸಿ ನೋಡಿ. ಬಂದದ್ದನ್ನ ನನಗೆ ಕಳಿಸಿ, ಒಪ್ಪಿಗೆ ಇದ್ದವರದ್ದು ಭಾಗ 7ರಲ್ಲಿ ಹಾಕ್ತೀನಿ.

ಶುರು ನಂದೇ. ಸ್ವೈಪ್ ಮಾಡಿ, ಕೊನೆಯ ಸ್ಲೈಡಲ್ಲಿ ಪಾಟಿ ನನಗೆ ಬೈದದ್ದಿದೆ, ಕೀಬೋರ್ಡಲ್ಲಿ. ಅವರ ಪರ್ಮಿಷನ್ ಆಗಿದೆ.

#ಕಾಗದನಗರದಹೆಡ್‌ಫೋನ್ #ಭದ್ರಾವತಿ #ಮದರ್‌ಟಂಗ್